ಕೂಗಬೇಡಿ, ಎದುರಿಗೆ ಬನ್ನಿ

“ಬೇಕಾದದ್ದೆಲ್ಲ ಕೇಳಿಸುತ್ತದೆ ಮೇಡಂ, ಬೇಡದ್ದು ಮಾತ್ರ ಇಲ್ಲ.” ಶ್ರವಣ ಪರೀಕ್ಷೆಗೆ ತಂದೆಯನ್ನೋ ಅತ್ತೆಯನ್ನೋ ಕರೆತಂದವರು ಕುರ್ಚಿ ಎಳೆದು ಕೂರುವ ಮೊದಲೇ ಆಡುವ ದೂರು ಇದು. ಸಾಕ್ಷಿಯೂ ಸಿದ್ಧ: ಬೀದಿಯಲ್ಲಿ ಲಾರಿ ಬಂದರೆ ತಿಳಿಯುತ್ತದೆ, ಬಾಗಿಲು ಬಡಿದರೆ ತಿಳಿಯುತ್ತದೆ, “ಮಾತ್ರೆ ತಗೊಳ್ಳಿ” ಎಂದರೆ ಮಾತ್ರ ತಿಳಿಯುವುದಿಲ್ಲ!

ಇದು ನಾಟಕವಲ್ಲ. ವಯಸ್ಸಾದಂತೆ, ಅಥವಾ ಯಂತ್ರಗಳ ಗದ್ದಲದಲ್ಲಿ ವರ್ಷಗಟ್ಟಲೆ ದುಡಿದರೆ, ಒಳಗಿವಿಯಲ್ಲಿ ಸದ್ದನ್ನು ಹಿಡಿಯುವ ರೋಮಕೋಶಗಳು ಸಾಯುತ್ತವೆ, ಮತ್ತೆ ಹುಟ್ಟುವುದಿಲ್ಲ. ಸಾಮಾನ್ಯವಾಗಿ ಮೊದಲು ಹೋಗುವುದು ಕೀರಲು ಸದ್ದನ್ನು ಹಿಡಿಯುವ ಕೋಶಗಳು. ಲಾರಿಯ ಗುಡುಗು ತಗ್ಗುದನಿ, ಅದು ದಾಟಿಕೊಳ್ಳುತ್ತದೆ. ಮಾತಿನಲ್ಲಿ ಆ, ಓ ಮುಂತಾದ ಸ್ವರಗಳಿಗೆ ಬಲ ಹೆಚ್ಚು. ಸ, ಶದಂಥ ವ್ಯಂಜನಗಳ ಗುರುತು ಬಹುಪಾಲು 2000 ಹರ್ಟ್ಸ್‌ಗಿಂತ ಮೇಲೆ, ಅಂದರೆ ಆ ಕೀರಲು ಭಾಗದಲ್ಲೇ, ಅದೂ ಕ್ಷೀಣವಾಗಿ. ಹೀಗಾಗಿ ಯಾರೋ ಮಾತನಾಡಿದ್ದು ಗೊತ್ತಾಗುತ್ತದೆ, ಏನೆಂದು ಗೊತ್ತಾಗುವುದಿಲ್ಲ. ನೀವು ಕೂಗಿದಾಗ ಉಬ್ಬುವುದು ಸ್ವರಗಳೇ. ವ್ಯಂಜನ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಇಂಥ ಕಿವಿಗಳಲ್ಲಿ ಹಲವಕ್ಕೆ ಮೆಲುದನಿ ಕೇಳಿಸದು, ಜೋರುದನಿ ಸಹಿಸಲಾಗದು. “ಕೂಗಬೇಡ” ಎಂದು ಅಜ್ಜ ಸಿಡುಕುವುದು ಅಹಂಕಾರದಿಂದಲ್ಲ.

ನಿವೃತ್ತ ಮೇಷ್ಟ್ರೊಬ್ಬರು ಇದನ್ನು ನನಗಿಂತ ಚೆನ್ನಾಗಿ ಹೇಳಿದರು. ಮಗ ಅವರ ಕಿವಿಗೇ ಬಾಯಿಟ್ಟು ಅಬ್ಬರಿಸಿದಾಗ, “ನೀನು ಬೈದದ್ದು ಕೇಳಿಸಿತಪ್ಪ, ಯಾತಕ್ಕೆ ಬೈದೆ ಎನ್ನುವುದು ಕೇಳಿಸಲಿಲ್ಲ” ಎಂದರು.

ಕಿವಿಗೆ ಬಾಯಿಟ್ಟರೆ ಮುಖ ಕಾಣುವುದಿಲ್ಲ ಎಂಬುದು ಬೇರೆ ನಷ್ಟ. ಹಾಗೆಂದು ತುಟಿ ನೋಡಿಯೇ ಎಲ್ಲ ಅರ್ಥಮಾಡಿಕೊಳ್ಳುತ್ತಾರೆ ಎಂದೂ ಭಾವಿಸಬೇಡಿ. ಕನ್ನಡಿಯ ಮುಂದೆ ದನಿ ಹೊರಡಿಸದೆ ಪಾವು, ಬಾವು, ಮಾವು ಎಂದು ನೋಡಿ. ಮೂರಕ್ಕೂ ತುಟಿಯ ಚಲನೆ ಒಂದೇ. ಕ, ಗಗಳಂತೂ ಗಂಟಲ ಹತ್ತಿರ ಹುಟ್ಟಿ ಕಣ್ಣಿಗೇ ಬೀಳುವುದಿಲ್ಲ. ಉಳಿದದ್ದನ್ನು ಅವರು ಸಂದರ್ಭದಿಂದ ಊಹಿಸುತ್ತಾರೆ. ಸಂಜೆಯ ಹೊತ್ತಿಗೆ ದಣಿಯುತ್ತಾರೆ.

ಆದ್ದರಿಂದ ಟಿವಿ ಆರಿಸಿ, ಎದುರಿಗೆ ಕುಳಿತು, ನಿಮ್ಮ ಮುಖಕ್ಕೆ ಬೆಳಕು ಬೀಳುವಂತೆ, ಸಹಜ ದನಿಯಲ್ಲಿ ತುಸು ನಿಧಾನವಾಗಿ ಮಾತನಾಡಿ. ಅರ್ಥವಾಗದಿದ್ದರೆ ಅದೇ ಮಾತನ್ನು ಮೂರು ಸಲ ಒದರುವ ಬದಲು ಬೇರೆ ಪದಗಳಲ್ಲಿ ಹೇಳಿ. “ಹೋಗಲಿ ಬಿಡಿ, ಏನಿಲ್ಲ” ಎಂದು ಮಾತ್ರ ದಯವಿಟ್ಟು ಹೇಳಬೇಡಿ.

ಎಲ್ಲ ಕಿವಿಗೂ ಇದೇ ಲೆಕ್ಕವಲ್ಲ. ನಡುಗಿವಿಯ ತೊಂದರೆಯಿದ್ದವರಿಗೆ ಜೋರಾಗಿ ಹೇಳಿದರೆ ಸಾಕಾಗುವುದುಂಟು. ಯಾವುದೆಂದು ಪರೀಕ್ಷೆಯೇ ಹೇಳಬೇಕು. ಒಂದೆರಡು ದಿನಗಳೊಳಗೆ ಏಕಾಏಕಿ ಕಿವಿ ಮಂದವಾದರೆ ಎಣ್ಣೆ ಬಿಟ್ಟುಕೊಂಡು ಕಾಯಬೇಡಿ, ಅಂದೇ ಕಿವಿ-ಮೂಗು-ಗಂಟಲು ತಜ್ಞರ ಬಳಿ ಹೋಗಿ.