ದಂಡ ಇರುವುದು ಉಸಿರಿಗೆ, ವಾಕ್ಯಕ್ಕಲ್ಲ

ಪುಣೆಯ ಕನ್ನಡಿಗರ ಮನೆಗಳ ಗೀತಾ ಪಾರಾಯಣದಲ್ಲಿ ಹಿರಿಯರ ಕೈಯಲ್ಲಿ ಕನ್ನಡ ಲಿಪಿಯ ಪುಸ್ತಕ, ಇಲ್ಲೇ ಶಾಲೆ ಕಲಿತ ಮಕ್ಕಳ ಕೈಯಲ್ಲಿ ದೇವನಾಗರಿಯದು. ಶ್ಲೋಕದ ನಡುವಿನ ‘।’ ಎಂಬ ದಂಡ ಕಂಡ ಕೂಡಲೇ ಮಕ್ಕಳು ದನಿ ಇಳಿಸಿ ವಾಕ್ಯ ಮುಗಿಸಿಬಿಡುತ್ತಾರೆ. ತಪ್ಪು ಅವರದಲ್ಲ, ಹಿಂದಿ ಪಾಠದಲ್ಲಿ ಅದೇ ಪೂರ್ಣವಿರಾಮ. ಮರಾಠಿಯಲ್ಲಾದರೆ ಆ ಕೆಲಸ ಚುಕ್ಕೆಯದು. ಇಂಗ್ಲಿಷಿನ ಚುಕ್ಕೆ, ಅಲ್ಪವಿರಾಮಗಳನ್ನು ಮರಾಠಿಗೆ ರೂಢಿಸಿದ ಶ್ರೇಯಸ್ಸು 19ನೆಯ ಶತಮಾನದಲ್ಲಿ ಇದೇ ಊರಿನಲ್ಲಿ ಕೆಲಸ ಮಾಡಿದ ಮೇಜರ್ ಥಾಮಸ್ ಕ್ಯಾಂಡಿಗೆ ಸಲ್ಲುತ್ತದೆ. ಶ್ಲೋಕದ ದಂಡಕ್ಕೂ ಈ ವ್ಯವಹಾರಕ್ಕೂ ಸಂಬಂಧವೇ ಇಲ್ಲ.

ಸಾಕ್ಷಿ ಗೀತೆಯ ಮೊದಲ ಶ್ಲೋಕದಲ್ಲೇ ಇದೆ. ‘ಸಮವೇತಾ ಯುಯುತ್ಸವಃ । ಮಾಮಕಾಃ ಪಾಂಡವಾಶ್ಚೈವ.’ ‘ಸಮವೇತಾಃ’ ತನ್ನ ವಿಸರ್ಗ ಕಳೆದುಕೊಂಡಿದೆ, ‘ಪಾಂಡವಾಃ’ದ ವಿಸರ್ಗ ಶಕಾರವಾಗಿದೆ. ಆದರೆ ‘ಯುಯುತ್ಸವಃ’ ಹಾಗೇ ಉಳಿದಿದೆ. ಮುಂದೆ ಮಕಾರ ಬಂದಾಗ ನಿಯಮದಂತೆ ‘ಯುಯುತ್ಸವೋ ಮಾಮಕಾಃ’ ಆಗಬೇಕಿತ್ತು. ಆಗಲಿಲ್ಲ, ಏಕೆಂದರೆ ನಡುವೆ ಉಸಿರು ನಿಂತಿದೆ.

ಇದು ಗಂಟಲಿನ ಕೆಲಸ. ವಿಸರ್ಗವೆಂದರೆ ಸ್ವರತಂತುಗಳು ಕಂಪಿಸದೆ ಹೊರಬರುವ ಉಸಿರು. ಮಕಾರಕ್ಕೆ ತಂತುಗಳು ಕಂಪಿಸಲೇಬೇಕು. ಒಂದೇ ಉಸಿರಿನಲ್ಲಿ ಓದುವಾಗ ನಾಲಿಗೆ, ತಂತುಗಳು ಮುಂದಿನ ಅಕ್ಷರಕ್ಕೆ ಮೊದಲೇ ಅಣಿಯಾಗುತ್ತವೆ. ಹಿಂದೆ ಸ್ವರ, ಮುಂದೆ ಮಕಾರ, ಎರಡೂ ಕಂಪಿಸುವಂಥವು. ನಡುವೆ ಸಿಕ್ಕ ಕಂಪನವಿಲ್ಲದ ಉಸಿರು ಉಳಿಯುವುದು ಕಷ್ಟ. ಮಾತು ನಿಂತಾಗ ಮಾತ್ರ ಅದು ಆರಾಮವಾಗಿ ಹೊರಬರುತ್ತದೆ. ಪಾಣಿನಿ ಇದನ್ನು ‘ವಿರಾಮೋಽವಸಾನಮ್’ (ಮಾತು ನಿಲ್ಲುವುದೇ ಅವಸಾನ) ಎಂದು ಹೆಸರಿಸಿ, ಅವಸಾನದಲ್ಲಿ ರೇಫ, ಅಂದರೆ ‘ರ್’, ವಿಸರ್ಗವಾಗುತ್ತದೆ ಎಂದು ಬೇರೆ ಸೂತ್ರದಲ್ಲಿ ವಿಧಿಸಿದ. ಕಿವಿಗೆ ಕೇಳುವ ಆ ಅವಸಾನವನ್ನು ಲಿಪಿಕಾರರು ಕಣ್ಣಿಗೆ ಕಾಣುವಂತೆ ಗೆರೆ ಎಳೆದು ತೋರಿಸಿದರು, ಅಷ್ಟೆ.

ಹಾಗಾದರೆ ಈ ಶ್ಲೋಕಗಳ ಛಂದಸ್ಸಾದ ಅನುಷ್ಟುಭದ ನಾಲ್ಕು ಪಾದಗಳಿಗೆ ನಾಲ್ಕು ಗೆರೆ ಏಕಿಲ್ಲ? ‘ಕರ್ಮಣ್ಯೇವಾಧಿಕಾರಸ್ತೇ’ ಶ್ಲೋಕದ ಎರಡನೆಯ ಸಾಲು ನೋಡಿ: ‘ಮಾ ಕರ್ಮಫಲಹೇತುರ್ಭೂರ್ಮಾ ತೇ ಸಂಗೋಽಸ್ತ್ವಕರ್ಮಣಿ.’ ಮೂರನೆಯ ಪಾದ ಮುಗಿಯುವುದು ‘ಭೂರ್’ನಲ್ಲಿ. ಆ ರೇಫ ಮುಂದಿನ ಪಾದದ ‘ಮಾ’ಕ್ಕೆ ಅರ್ಕಾವೊತ್ತಾಗಿ ಕೂತಿದೆ. ಮೂರನೆಯ ಪಾದದ ಕೊನೆಯ ಸದ್ದನ್ನು ನಾಲ್ಕನೆಯದರ ಮೊದಲ ಅಕ್ಷರ ಹೊತ್ತುಕೊಂಡಿರುವಾಗ ಅಲ್ಪವಿರಾಮ ಹಾಕಲು ಜಾಗವೆಲ್ಲಿ? ಕೆಲವು ಪಾರಾಯಣ ಪುಸ್ತಕಗಳು ‘ಭೂಃ, ಮಾ’ ಎಂದು ಒಡೆದು ಮುದ್ರಿಸುತ್ತವೆ. ಓದುವವರಿಗೆ ಸುಲಭವಾಗಲಿ ಎಂದಿರಬಹುದು, ಆದರೆ ಕವಿ ಕೂಡಿಸಿದ್ದನ್ನು ಸಂಪಾದಕ ಕಿತ್ತಂತಾಯಿತು. ಅದೇ ಸಾಲಿನ ‘ಽ’ ಅವಗ್ರಹ. ಅದಕ್ಕೆ ಸದ್ದಿಲ್ಲ, ನುಂಗಿಹೋದ ಅಕಾರದ ಗುರುತು ಮಾತ್ರ. ಅದನ್ನು ‘ಅ’ ಎಂದು ಉಚ್ಚರಿಸಿದರೆ ಎಂಟಕ್ಷರದ ಪಾದ ಒಂಬತ್ತಾಗುತ್ತದೆ.

ಅರ್ಥದ ದಾರಿಯೇ ಬೇರೆ. ಡೆಕ್ಕನ್ ಕ್ವೀನ್ ಲೋಣಾವಳದಲ್ಲಿ ನಿಂತರೂ ಬೋಗಿಯೊಳಗಿನ ಹರಟೆ ನಿಲ್ಲುವುದಿಲ್ಲವಲ್ಲ, ಹಾಗೆ. ಕಾಳಿದಾಸನ ರಘುವಂಶ ಮೊದಲ ಸರ್ಗದ 5ನೆಯ ಶ್ಲೋಕದಲ್ಲಿ ‘ಸೋಽಹಂ’ (ಅಂಥ ನಾನು) ಎಂದು ಶುರುವಾದ ವಾಕ್ಯಕ್ಕೆ ‘ವಕ್ಷ್ಯೇ’ (ಹೇಳುತ್ತೇನೆ) ಎಂಬ ಕ್ರಿಯಾಪದ ಸಿಗುವುದು 9ನೆಯದರಲ್ಲಿ. ನಡುವೆ ಶ್ಲೋಕದ ಕೊನೆಗೆ ಬರುವ ಜೋಡಿದಂಡ (॥) ನಾಲ್ಕು ಸಲ ದಾಟಿಹೋಗುತ್ತದೆ! ಓದುಗ ದಾರಿ ತಪ್ಪುವುದಿಲ್ಲ, ಏಕೆಂದರೆ ಅಷ್ಟುದ್ದಕ್ಕೂ ಬರುವ ಷಷ್ಠೀ ವಿಭಕ್ತಿಯ ವಿಶೇಷಣಗಳು ‘ರಘೂಣಾಂ’ (ರಘುವಂಶದವರ) ಎಂಬ ಪದಕ್ಕೆ ಕಾದಿರುತ್ತವೆ. ಅಲ್ಪವಿರಾಮದ ಕೆಲಸವನ್ನು ವಿಭಕ್ತಿ ಪ್ರತ್ಯಯಗಳೇ ಮಾಡುತ್ತವೆ.

ಸಂಸ್ಕೃತಕ್ಕೆ ಹೊಸ ಚಿಹ್ನೆಗಳು ಬೇಡವೇ ಬೇಡ ಎಂದಲ್ಲ. ಪುಣೆಯ ಭಾಂಡಾರ್ಕರ್ ಸಂಸ್ಥೆ 1919ರಲ್ಲಿ ಕೈಗೆತ್ತಿಕೊಂಡು 1966ರಲ್ಲಿ ಮುಗಿಸಿದ ಮಹಾಭಾರತದ ಪರಿಷ್ಕೃತ ಆವೃತ್ತಿಯಲ್ಲಿ, ಮೂಲದಲ್ಲಿ ಯಾವ ಪದವಿತ್ತು ಎಂಬುದು ಅಷ್ಟು ಖಚಿತವಲ್ಲದ ಕಡೆ ಪದದ ಕೆಳಗೆ ಅಲೆಯಂಥ ಗೆರೆ ಇದೆ. ಸಂಪಾದಕನ ಅನುಮಾನಕ್ಕೂ ಒಂದು ಚಿಹ್ನೆ! ನನಗೆ ಇಡೀ ಆವೃತ್ತಿಯಲ್ಲಿ ಅತ್ಯಂತ ಪ್ರಾಮಾಣಿಕವಾಗಿ ಕಾಣುವುದು ಅದೇ.

ವಾಟ್ಸಾಪಿಗೆ ಅಂಥ ಅನುಮಾನವಿಲ್ಲ. ಒಂಟಿ ದಂಡ ಜೀವಾತ್ಮ, ಜೋಡಿದಂಡ ಪರಮಾತ್ಮ ಎಂಬ ಸಂದೇಶ ಓಡಾಡುತ್ತದೆ. ಹಾಗೆ ಕಳಿಸುವವರು ಎಷ್ಟೋ ಸಲ ದಂಡದ ಬದಲು ಇಂಗ್ಲಿಷ್ ಕೀಲಿಮಣೆಯ ಉದ್ದಗೆರೆಯನ್ನೇ ಎರಡು ಸಲ ಒತ್ತಿರುತ್ತಾರೆ. ಯೂನಿಕೋಡ್‌ನಲ್ಲಿ ದಂಡ 0964, ಜೋಡಿದಂಡ 0965. ದೇವನಾಗರಿಯ ಸಾಲಿನಲ್ಲಿದ್ದರೂ ಕನ್ನಡಕ್ಕೂ ಅವೇ. ಅವಗ್ರಹಕ್ಕೆ ಮಾತ್ರ ಕನ್ನಡದ ಸಾಲಿನಲ್ಲೇ ಸ್ವಂತ ಸ್ಥಾನವಿದೆ.