ಪೋಷಕ ನಟ: ಈ ಪದದೊಳಗೆ ಏನಿದೆ?

ಅರಸೀಕೆರೆ ಕಡೆಯ ನಮ್ಮೂರಲ್ಲಿ ‘ಕುರುಕ್ಷೇತ್ರ’ ನಾಟಕ ಕಲಿಯೋಣ ಅಂತ ಹೊರಟರೆ ಮೊದಲು ಏಳುವ ಮಾತು ಪಾರ್ಟಿನದ್ದು. ಯಾರಿಗೆ ಯಾವ ಪಾರ್ಟು, ಅದಕ್ಕೆ ಎಷ್ಟು ದುಡ್ಡು? ನಮ್ಮ ಹಳ್ಳಿ ನಾಟಕದಲ್ಲಿ ನಟನಿಗೆ ಸಂಬಳ ಇಲ್ಲ. ಪಾರ್ಟು ಬೇಕಾದವನೇ ಕೈಯಿಂದ ಹಾಕಬೇಕು. ಸೀನರಿ, ಡ್ರೆಸ್ಸು, ಹಾರ್ಮೋನಿಯಂ ಮೇಷ್ಟ್ರು, ಮೈಕು, ಎಲ್ಲದರ ಖರ್ಚೂ ಅದರಲ್ಲೇ ಹುಟ್ಟಬೇಕು. ಕೃಷ್ಣ, ದುರ್ಯೋಧನ, ಕರ್ಣ, ಅರ್ಜುನನಿಗೆ ಪೈಪೋಟಿ ಜಾಸ್ತಿ, ಹಣವೂ ಜಾಸ್ತಿ. ವಿದುರ, ಸಾತ್ಯಕಿ ಕಮ್ಮಿಗೆ ಸಿಗುತ್ತವೆ. ಹಾಸನದ ಹಾಸನಾಂಬ ಕಲಾಕ್ಷೇತ್ರದಲ್ಲಿ ಆಡಿದರೂ ಲೆಕ್ಕ ಇದೇ.

ಆ ಕಮ್ಮಿಗೆ ಸಿಗುವ ಪಾರ್ಟುಗಳಿಗೆ ಸಿನಿಮಾದವರು, ಪತ್ರಿಕೆಯವರು ಹೇಳುವ ಹೆಸರು ಪೋಷಕ ಪಾತ್ರ. ಅದನ್ನು ಮಾಡುವವನು ಪೋಷಕ ನಟ. ಬಹಳ ಜನ ಇದನ್ನು ‘ಚಿಕ್ಕ ಪಾತ್ರ’ ಅಂತ ತಿಳಿದುಕೊಂಡಿದ್ದಾರೆ. ಪದದಲ್ಲಿ ಆ ಅರ್ಥ ಇಲ್ಲವೇ ಇಲ್ಲ.

ಪೋಷಿಸು ಅಂದರೆ ಉಣಿಸಿ ಬೆಳೆಸು, ಸಾಕು. ಸ್ಕೂಲಿನಲ್ಲಿ ‘ಪೋಷಕರ ಸಭೆ’ ಕರೆಯುತ್ತಾರಲ್ಲ, ಆ ಪೋಷಕ. ಸೊಪ್ಪಿನಲ್ಲಿ ಪೋಷಕಾಂಶ ಇದೆ ಅನ್ನುತ್ತೇವಲ್ಲ, ಅದೂ ಇದೇ. ಇಂಗ್ಲಿಷಿನವರು ಇಂಥ ನಟನನ್ನು ‘ಸಪೋರ್ಟಿಂಗ್ ಆಕ್ಟರ್’ ಅನ್ನುತ್ತಾರೆ. ಅವರ ಮಾತಿನಲ್ಲಿ ಅವನು ಆಸರೆ ಕೊಡುವವನು, ಕಂಬದ ಹಾಗೆ. ನಮ್ಮ ಪದದಲ್ಲಿ ಅವನು ಅನ್ನ ಹಾಕುವವನು. ನನಗೆ ನಮ್ಮದೇ ಹೆಚ್ಚು ಸರಿ ಅನ್ನಿಸುತ್ತದೆ. ಕಂಬ ಸುಮ್ನೆ ನಿಂತಿದ್ದರೆ ಸಾಕು. ಉಣಿಸುವವನು ಎದುರಿನವನಿಗೆ ಯಾವಾಗ ಹಸಿವು, ಎಷ್ಟು ಹಸಿವು ಅಂತ ನೋಡುತ್ತಲೇ ಇರಬೇಕು. (‘ಪೋಷಾಕು’ ಕೂಡ ಇದೇ ಬಳಗದ ಪದ ಅಂತ ಕೆಲವರು ಅಂದುಕೊಳ್ಳುತ್ತಾರೆ. ಅದು ಬೇರೆ, ಪಾರಸಿಯಿಂದ ಬಂದದ್ದು.)

ಹಳೇ ನಾಟಕ ಕಂಪನಿಗಳ ಹೆಸರಲ್ಲೂ ಈ ಬೇರು ಇತ್ತು. 1884ರಲ್ಲಿ ಶುರುವಾದ ಗುಬ್ಬಿ ಕಂಪನಿಯ ಪೂರ್ತಿ ಹೆಸರು ‘ಗುಬ್ಬಿ ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘ’. ದೇವರ ಕೃಪೆಯಿಂದ ಸಾಕಲ್ಪಟ್ಟ ಸಂಘ ಅಂತ ಅರ್ಥ. ಕಂಪನಿಯನ್ನು ದೇವರು ಸಾಕಿದ, ನಾಟಕವನ್ನು ಪೋಷಕ ನಟರು ಸಾಕಿದರು.

ಪದ ಹೊಸದಿರಬಹುದು, ಕೆಲಸ ಹಳೆಯದು. ನಮ್ಮ ಸೀಮೆಯ ಬಯಲಾಟವಾದ ಮೂಡಲಪಾಯದಲ್ಲಿ ಸಾರಥಿ ಅಂತ ಒಬ್ಬ ಇರುತ್ತಾನೆ. ರಾಜ ರಂಗಕ್ಕೆ ಬಂದು ಕುಣಿದು ನಿಂತ ಕೂಡಲೇ ಸಾರಥಿ ಮುಂದೆ ಬಂದು ಕೇಳುತ್ತಾನೆ: ತಾವು ಯಾರು, ಯಾವ ದೇಶದವರು, ಬಂದ ಕಾರಣ ಏನು? ರಾಜ ತನ್ನ ಹೆಸರು, ಪ್ರತಾಪ ಎಲ್ಲ ಹೇಳಿಕೊಳ್ಳುವುದು ಆ ಪ್ರಶ್ನೆಗೆ ಉತ್ತರವಾಗಿ. ಕೇಳುವವನೇ ಇಲ್ಲದಿದ್ದರೆ ಅಷ್ಟು ದೊಡ್ಡ ಕಿರೀಟ ಹೊತ್ತು ರಾಜ ಸುಮ್ಮನೆ ನಿಂತಿರಬೇಕಾಗುತ್ತಿತ್ತು.

ನನಗೆ ಇದು ಮೈಗೆ ಹತ್ತಿದ್ದು ರಂಗದ ಮೇಲೆ. ವಯಸ್ಸಿನಲ್ಲಿ ನಾನು ಊರ ನಾಟಕದಲ್ಲಿ ಕೃಷ್ಣನ ಪಾರ್ಟು ಕಟ್ಟಿದ್ದೆ. ಪಾರ್ಟು ಬರೆದುಕೊಳ್ಳುವಾಗ ನಾವೆಲ್ಲ ನಮ್ಮ ಮಾತು, ಎದುರಿನವನ ಕೊನೇ ಪದ, ಇಷ್ಟೇ ಬರೆದುಕೊಳ್ಳುತ್ತಿದ್ದೆವು. ಸಂಧಾನಕ್ಕೆ ಬಂದ ಕೃಷ್ಣ ಅರಮನೆಗೆ ಹೋಗದೆ ವಿದುರನ ಮನೆಗೆ ಹೋಗುವ ಸೀನು. ರಾತ್ರಿ ಎರಡು ಗಂಟೆ ಇರಬೇಕು. ಹಾಡು ಮುಗಿಸಿ ಮಾತಿಗೆ ಬಂದೆ, ತಲೆ ಪೂರ್ತಿ ಖಾಲಿ. ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಹಿಡಿದೇ ಇದ್ದರು. ಪರದೆ ಹಿಂದಿನಿಂದ ಯಾರೋ ಪಿಸುಗುಟ್ಟಿದ್ದು ಕೇಳಿಸಲಿಲ್ಲ. ಮುಂದಿನ ಸಾಲಿನಲ್ಲಿ ಮಗುವೊಂದು ನನ್ನನ್ನೇ ನೋಡುತ್ತಿತ್ತು.

ವಿದುರ ಆಗಿದ್ದವರು ನಮ್ಮ ದೊಡ್ಡಪ್ಪ. ಟೈಲರ್ ಕೆಲಸದವರು. ಅವರು ಹೆಗಲ ಮೇಲಿನ ಶಲ್ಯ ತೆಗೆದು ನಾನು ಕೂರಬೇಕಾದ ಮಣೆಯನ್ನು ನಿಧಾನವಾಗಿ ಒರೆಸಿದರು. ಒರೆಸುತ್ತಲೇ ತಲೆ ಎತ್ತಿ, “ಸ್ವಾಮೀ, ದುರ್ಯೋಧನನ ಅರಮನೆಯಲ್ಲಿ ರತ್ನದ ಪೀಠ ಕಾದಿರುವಾಗ ಈ ಬಡವನ ಮಣೆಗೇಕೆ ದಯಮಾಡಿಸಿದಿರಿ?” ಅಂದರು. ಆ ಮಾತು ನಾಟಕದಲ್ಲಿ ಇರಲೇ ಇಲ್ಲ. ಆದರೆ ಅದಕ್ಕೆ ಉತ್ತರವೇ ನಾನು ಮರೆತಿದ್ದ ಮಾತು. ಬಾಯಿಗೆ ತಾನಾಗಿ ಬಂತು. ಜನ ಚಪ್ಪಾಳೆ ಹೊಡೆದದ್ದು ನನಗೆ. ಆಮೇಲೆ ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚಿಕೊಳ್ಳುವ ಕೋಣೆಯಲ್ಲಿ, ದೊಡ್ಡಪ್ಪನ ಕಾಲಿಗೆ ಬಿದ್ದೆ. “ನಿನ್ನ ಕಣ್ಣು ನೋಡ್ತಿದ್ದಂಗೇ ಗೊತ್ತಾಯ್ತು ಕಣ್ಲಾ,” ಅಂದರು ಅಷ್ಟೇ.

ಮಣೆ ಒರೆಸಿದ್ದು ಯಾಕೆ ಗೊತ್ತಾ? ನನಗೆ ಉಸಿರು ತೆಗೆದುಕೊಳ್ಳಲು ಹೊತ್ತು ಕೊಡಲು. ಪೋಷಣೆ ಅಂದರೆ ಅದು.

ಕಣ್ಣು ನೋಡುವ ಮಾತು ಬಂದಾಗೆಲ್ಲ ನಮ್ಮ ಅರಸೀಕೆರೆಯಲ್ಲೇ ಹುಟ್ಟಿದ ಟಿ.ಎನ್. ಬಾಲಕೃಷ್ಣ ನೆನಪಾಗುತ್ತಾರೆ. ಐನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸಿದ ಬಾಲಣ್ಣನಿಗೆ ಕಿವಿ ಕೇಳಿಸುತ್ತಿರಲಿಲ್ಲ ಅಂದರೆ ಈಗಿನ ಹುಡುಗರು ನಂಬುವುದಿಲ್ಲ. ಎದುರಿನ ನಟನ ತುಟಿ ಆಡುವುದನ್ನು ನೋಡಿಯೇ ಅವರು ತಮ್ಮ ಮಾತಿನ ಸರದಿ ಹಿಡಿಯುತ್ತಿದ್ದರು. ಪೋಷಕ ನಟನ ಕೆಲಸದಲ್ಲಿ ಅರ್ಧಕ್ಕಿಂತ ಜಾಸ್ತಿ ಕೇಳಿಸಿಕೊಳ್ಳುವುದೇ ಅಲ್ವಾ? ಅದನ್ನು ಅವರು ಕಣ್ಣಿನಿಂದ ಮಾಡಿದರು. ಹಳೇ ಚಿತ್ರ ಸಿಕ್ಕರೆ ಮಾತಾಡುವವರನ್ನು ಬಿಟ್ಟು ಬಾಲಣ್ಣನ ಮುಖ ಮಾತ್ರ ನೋಡಿ. ಎದುರಿನವರ ಮಾತು ಮುಗಿಯುವ ತನಕ ಆ ಕಣ್ಣು ಬೇರೆ ಕಡೆ ಅಲುಗುವುದಿಲ್ಲ.

ಅವರ ಕಾಲದ ದಾರಿ ಹೆಚ್ಚುಕಮ್ಮಿ ಎಲ್ಲರಿಗೂ ಒಂದೇ ಇತ್ತು. ಮೊದಲು ನಾಟಕ ಕಂಪನಿ, ಆಮೇಲೆ ಸಿನಿಮಾ. 1934ರಲ್ಲಿ ತೆರೆಗೆ ಬಂದ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ದಲ್ಲಿ ಇಂದ್ರಜಿತುವಾದ ಸುಬ್ಬಯ್ಯ ನಾಯ್ಡು, ರಾವಣನಾದ ನಾಗೇಂದ್ರರಾಯರು ಇಬ್ಬರೂ ರಂಗದವರೇ. ಬಾಲಣ್ಣ ಸಿನಿಮಾಕ್ಕೆ ಬಂದದ್ದು 1943ರ ‘ರಾಧಾರಮಣ’ದಲ್ಲಿ. ಅರಸೀಕೆರೆಯಿಂದ ರೈಲು ಹತ್ತಿದರೆ ಸ್ವಲ್ಪ ಹೊತ್ತಿಗೆ ಸಿಗುವ ತಿಪಟೂರು ನರಸಿಂಹರಾಜು ಅವರ ಊರು. ಅವರು ಗುಬ್ಬಿ ಕಂಪನಿಯಲ್ಲಿ ಪಳಗಿದವರು. ಎರಡು ತೆಂಗಿನ ಊರುಗಳ ಈ ಇಬ್ಬರು ಕನ್ನಡ ಚಿತ್ರರಂಗವನ್ನು ಎಷ್ಟು ವರ್ಷ ಸಾಕಿದರು ಅಂತ ಲೆಕ್ಕ ಹಾಕಿದರೆ ಹೆಮ್ಮೆ ಆಗುತ್ತದೆ. ಸಿನಿಮಾ ಕೆಲಸ ಸಾಲದಾದಾಗ ರಾಜ್‌ಕುಮಾರ್, ಜಿ.ವಿ. ಅಯ್ಯರ್ ಜೊತೆ ಇವರಿಬ್ಬರೂ ಸೇರಿ ಕಲಾವಿದರ ಸಂಘ ಕಟ್ಟಿ, ಮತ್ತೆ ಊರೂರಿಗೆ ನಾಟಕ ತೆಗೆದುಕೊಂಡು ಹೋದರು. 1960ರ ‘ರಣಧೀರ ಕಂಠೀರವ’ ಆ ನಾಲ್ವರು ಸೇರಿ ನಿರ್ಮಿಸಿದ ಚಿತ್ರ.

ಕಂಪನಿಯಲ್ಲಿ ಕಲಿತವನಿಗೆ ಒಂದೇ ಥರದ ಪಾತ್ರ ಅಂತ ಇರುತ್ತಿರಲಿಲ್ಲ. ಇವತ್ತು ಮಂತ್ರಿ, ನಾಳೆ ಕುಡುಕ, ನಾಡಿದ್ದು ಹೆಣ್ಣಿನ ಪಾತ್ರ. ಮೈಕ್ ಇಲ್ಲದ ಕಾಲದಲ್ಲಿ ಮಾತು ಕೊನೇ ಸಾಲಿನವನಿಗೂ ಮುಟ್ಟಬೇಕಿತ್ತು. ಸಿನಿಮಾಕ್ಕೆ ಬಂದ ಮೇಲೆ ಅದೇ ದನಿಯನ್ನು ತಗ್ಗಿಸುವುದನ್ನು ಕಲಿಯಬೇಕಾಯಿತು. ಬಾಲಣ್ಣ ಖಳನಾಗಿ ಮೈ ಉರಿಸಿದ್ದಾರೆ, ನಗಿಸಿದ್ದಾರೆ, ಅಪ್ಪನಾಗಿ ಅಳಿಸಿದ್ದಾರೆ. 1972ರ ‘ಬಂಗಾರದ ಮನುಷ್ಯ’ದಲ್ಲಿ ರಾಜೀವನ ಜೊತೆ ನಿಲ್ಲುವ ರಾಚೂಟಪ್ಪ ಅವರೇ. ಹಾಗಾಗಿ ಖಳ, ಹಾಸ್ಯ ಬೇರೆ, ಪೋಷಕ ಬೇರೆ ಅಂತ ಗೆರೆ ಎಳೆಯುವುದು ನನಗೆ ಒಪ್ಪಿಗೆ ಇಲ್ಲ. ಪ್ರಶಸ್ತಿ ಕೊಡುವವರಿಗೆ ಆ ವಿಂಗಡಣೆ ಬೇಕಾಗಬಹುದು. ದುರ್ಯೋಧನನ ಹೊಟ್ಟೆಕಿಚ್ಚಿಗೆ ಮೇವು ಹಾಕುವ ಶಕುನಿಯೂ ಪೋಷಕನೇ.

ಅದೇ 1972ರಲ್ಲಿ ಬಂದ ‘ನಾಗರಹಾವು’ ನೋಡಿ. ರಾಮಾಚಾರಿ ಯಾರ ಮಾತೂ ಕೇಳದ ಹುಡುಗ. ಅವನೊಳಗೆ ಒಂದು ಮೆತ್ತನೆ ಜೀವ ಇದೆ ಅಂತ ನಮಗೆ ತಿಳಿಯುವುದು ಚಾಮಯ್ಯ ಮೇಷ್ಟ್ರ ಮುಂದೆ ಅವನು ತಲೆ ತಗ್ಗಿಸಿದಾಗ. ಕೆ.ಎಸ್. ಅಶ್ವತ್ಥ್ ಅವರ ಆ ಮೇಷ್ಟ್ರು ಇಲ್ಲದೆ ರಾಮಾಚಾರಿ ಬರೀ ಸಿಟ್ಟಿನ ಹುಡುಗನಾಗಿ ಉಳಿಯುತ್ತಿದ್ದ.

ಹತ್ತಿರದ ಕೆಲವು ಪದಗಳು ಇದರ ಜೊತೆ ಕಲಸಿಹೋಗುತ್ತವೆ. ಸಹನಟ ಅಂದರೆ ಜೊತೆಯಲ್ಲಿ ನಟಿಸಿದವನು, ಹೀರೋಗೆ ಹೀರೋಯಿನ್ನೂ ಸಹನಟಿಯೇ. ಗುಂಪಿನ ಸೀನಿನಲ್ಲಿ ನಿಲ್ಲುವವರು ಜೂನಿಯರ್ ಆರ್ಟಿಸ್ಟ್. ಸಿನಿಮಾದವರ ಬಾಯಲ್ಲಿ ‘ಕ್ಯಾರೆಕ್ಟರ್ ರೋಲ್’ ಅಂದರೆ ತನ್ನದೇ ನಡೆ ನುಡಿ ಇರುವ, ನೆನಪಿನಲ್ಲಿ ಉಳಿಯುವ ಪಾತ್ರ. ಒಳ್ಳೆ ಪೋಷಕ ಪಾತ್ರ ಸಾಮಾನ್ಯವಾಗಿ ಕ್ಯಾರೆಕ್ಟರ್ ರೋಲೂ ಆಗಿರುತ್ತದೆ.

ಈ ಸಲ ಊರಲ್ಲಿ ಮತ್ತೆ ‘ಕುರುಕ್ಷೇತ್ರ’ ಕಟ್ಟುತ್ತಿದ್ದೇವೆ. ನಾನು ವಿದುರನ ಪಾರ್ಟಿಗೆ ದುಡ್ಡು ಕೊಟ್ಟು ಹೆಸರು ಬರೆಸಿದ್ದೇನೆ. ದೊಡ್ಡಪ್ಪ ಈಗಿಲ್ಲ. ಅವರು ಪಾರ್ಟು ಬರೆದುಕೊಂಡಿದ್ದ ನೋಟ್‌ಬುಕ್ಕನ್ನು ದೊಡ್ಡಮ್ಮ ಹುಡುಕಿ ಕೊಟ್ಟರು. ಬಿಚ್ಚಿ ನೋಡಿದೆ. ವಿದುರನ ಮಾತು ಎರಡೂವರೆ ಪುಟ. ಅದರ ಎದುರು ಪುಟಗಳಲ್ಲಿ, ಅದೇ ದುಂಡು ಅಕ್ಷರದಲ್ಲಿ, ಕೃಷ್ಣನ ಮಾತೂ ಒಂದಕ್ಷರ ಬಿಡದೆ ಬರೆದಿತ್ತು.