ಬೋಟಿನ ಎಕ್ಸಾಸ್ಟ್ ಎಲ್ಬೋ ಸೋರುತ್ತಿದೆ, ವೆಲ್ಡಿಂಗ್ ಮಾಡಿಸಿದರೆ ಸಾಕಾ?

ಪ್ರಶ್ನೆ: ನಮ್ಮದು ಅಳಿವೆಯಲ್ಲಿ ಪ್ರವಾಸಿಗರನ್ನು ಸುತ್ತಾಡಿಸುವ ಬೋಟ್. ಡೀಸೆಲ್ ಎಂಜಿನ್ ಬೋಟಿನ ಒಳಗಿದೆ. ಎಕ್ಸಾಸ್ಟ್ ಎಲ್ಬೋ (ಎಂಜಿನ್ನಿನ ಹೊಗೆ ಹೊರಹೋಗುವ ಬಾಗಿದ ಕೊಳವೆ) ಅಡಿಯಿಂದ ತುಕ್ಕು ನೀರು ತೊಟ್ಟಿಕ್ಕುತ್ತಿದೆ. ಬೋಟಿನ ಹಿಂಬದಿಯ ಹೊಗೆ ಪೈಪಿನಲ್ಲಿ ಮೊದಲಿನಷ್ಟು ನೀರು ಬರುತ್ತಿಲ್ಲ, ಹೊಗೆಯೂ ಜಾಸ್ತಿ. ಪರಿಚಯದ ಮೆಕ್ಯಾನಿಕ್ ವೆಲ್ಡ್ ಮಾಡಿದರೆ ಆಯಿತು ಅನ್ನುತ್ತಾರೆ. ಮಾಡಿಸಲೇ?

ಉತ್ತರ: ಬೇಡ. ಹೊಸ ಎಲ್ಬೋ ಹಾಕಿಸಿ. ಅದಕ್ಕೂ ಮೊದಲು ನೀರು ಯಾಕೆ ಕಡಿಮೆಯಾಯಿತು ಅನ್ನುವುದನ್ನು ಹುಡುಕಿ. ಇಲ್ಲದಿದ್ದರೆ ಹೊಸದಕ್ಕೂ ಬೇಗ ಅದೇ ಗತಿ.

ಲಾರಿಯ ಸೈಲೆನ್ಸರ್ ಗಾಳಿಯಲ್ಲಿ ತಣಿಯುತ್ತದೆ. ಬೋಟಿನ ಎಂಜಿನ್ ಮರ, ಫೈಬರ್‌ಗಳ ನಡುವೆ ಮುಚ್ಚಿದ ಪೆಟ್ಟಿಗೆಯಲ್ಲಿ ಕೂತಿರುತ್ತದೆ. ಲೋಡ್ ಬಿದ್ದಾಗ ಹೊಗೆಯ ಬಿಸಿ 400–500 ಡಿಗ್ರಿ ಸೆಲ್ಸಿಯಸ್‌ವರೆಗೂ ಹೋಗುತ್ತದೆ. ಹಾಗಾಗಿ ಪಂಪ್ ಹೊರಗಿನ ಉಪ್ಪುನೀರನ್ನು ಎಳೆದು, ಎಂಜಿನ್ನಿನ ಬಿಸಿ ಕಳೆಯುವ ಹೀಟ್ ಎಕ್ಸ್‌ಚೇಂಜರ್ ದಾಟಿಸಿ, ಕೊನೆಗೆ ಎಲ್ಬೋದಲ್ಲಿ ಹೊಗೆಯ ಜೊತೆ ಬೆರೆಸುತ್ತದೆ. ಅಲ್ಲಿಂದ ಮುಂದೆ ರಬ್ಬರ್ ಹೋಸ್ ಸಾಕಾಗುವುದು ಈ ನೀರು ಇದ್ದರೆ ಮಾತ್ರ. ನೀರು ನಿಂತರೆ ಹೋಸ್, ಫೈಬರ್ ಸೈಲೆನ್ಸರ್ ಎರಡೂ ಸುಡುತ್ತವೆ. (ಔಟ್‌ಬೋರ್ಡ್ ಎಂಜಿನ್‌ನವರಿಗೆ ಈ ಉತ್ತರ ಹೊಂದುವುದಿಲ್ಲ. ಅದರ ಹೊಗೆ ಎಂಜಿನ್ನಿನ ಕಾಲಿನ ಒಳಗಿಂದಲೇ ನೀರಿಗೆ ಹೋಗುತ್ತದೆ.)

ಎಷ್ಟೋ ಎಲ್ಬೋಗಳಿಗೆ ಎರಡು ಗೋಡೆ ಇರುತ್ತದೆ. ಒಳಗಿನ ಕೊಳವೆಯಲ್ಲಿ ಹೊಗೆ, ಅದರ ಸುತ್ತ ನೀರು. ಒಳಗೋಡೆಯ ಒಂದು ಮಗ್ಗುಲಿಗೆ ಬೆಂಕಿಯಂಥ ಗಾಳಿ, ಇನ್ನೊಂದು ಮಗ್ಗುಲಿಗೆ ಉಪ್ಪುನೀರು. ಸಾಲದ್ದಕ್ಕೆ ಡೀಸೆಲ್‌ನಲ್ಲಿರುವ ಗಂಧಕ ಉರಿದು ತೇವದ ಜೊತೆ ಸೇರಿ ಆಮ್ಲವಾಗುತ್ತದೆ. ಅದಕ್ಕೇ ಎಲ್ಬೋ ಒಳಗಿನಿಂದ ಕೊಳೆಯುತ್ತದೆ. ನಿಮಗೆ ಹೊರಗೆ ತೂತು ಕಂಡಿದೆ ಅಂದರೆ ಒಳಗೆ ಸವೆದು ತುಂಬ ದಿನವಾಗಿದೆ ಅಂತ ಅರ್ಥ.

ಹೊರಗೆ ಸೋರುವ ನೀರಿಗೆ ನಾನು ಅಷ್ಟೇನೂ ಹೆದರುವುದಿಲ್ಲ. ಬೋಟಿನ ತಳದಲ್ಲಿ ಸೇರುತ್ತದೆ, ಪಂಪ್ ಮಾಡಿ ಹಾಕಬಹುದು. ಒಳಗೋಡೆ ತೂತಾದರೆ ಕಥೆಯೇ ಬೇರೆ. ಎಂಜಿನ್ ನಿಂತಮೇಲೆ ನೀರು, ಸಿಲಿಂಡರ್‌ಗಳ ಹೊಗೆ ಬಂದು ಸೇರುವ ಮ್ಯಾನಿಫೋಲ್ಡ್‌ಗೆ ಇಳಿದು, ತೆರೆದಿರುವ ಎಕ್ಸಾಸ್ಟ್ ವಾಲ್ವ್ ಮೂಲಕ ಸಿಲಿಂಡರ್ ಸೇರುತ್ತದೆ. ಬೆಳಿಗ್ಗೆ ಸ್ಟಾರ್ಟ್ ಒತ್ತಿದರೆ 'ಟಕ್' ಅಂತ ನಿಂತುಬಿಡುತ್ತದೆ. ನೀರನ್ನು ಪಿಸ್ಟನ್ ಒತ್ತಿ ಕುಗ್ಗಿಸಲಾಗದು, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಆಯಿಲ್ ಡಿಪ್‌ಸ್ಟಿಕ್ ಎಳೆದಾಗ ಹಾಲು ಹಾಕಿದ ಕಾಫಿ ಬಣ್ಣ ಕಂಡರೆ ನೀರು ಆಗಲೇ ಕೆಳಗೆ ಇಳಿದಿದೆ. ಆಗ ಮತ್ತೆ ಸ್ಟಾರ್ಟ್ ಮಾಡಲೇಬೇಡಿ.

ವೆಲ್ಡಿಂಗ್ ಇದ್ಯಾವುದನ್ನೂ ಮುಟ್ಟುವುದಿಲ್ಲ, ಹೊರಗಿನ ತೂತನ್ನು ಮಾತ್ರ ಮುಚ್ಚುತ್ತದೆ. ಎರಕದ ಕಬ್ಬಿಣವಾದರೆ ವೆಲ್ಡ್ ಪಕ್ಕದಲ್ಲೇ ಬಿರುಕು ಬಿಡುವುದೂ ಉಂಟು. ಎಂ-ಸೀಲ್ ಮೆತ್ತುವವರೂ ಇದ್ದಾರೆ. ದಡ ಮುಟ್ಟಲಿಕ್ಕೆ ಸರಿ, ಜನರನ್ನು ಕೂರಿಸಿಕೊಂಡು ಹೋಗಲಿಕ್ಕಲ್ಲ.

ಎಲ್ಬೋ ಬಿಚ್ಚಿದಾಗ ಟಾರ್ಚ್ ಹಾಕಿ ಒಳಗೆ ನೋಡಿ. ಮಸಿ, ಉಪ್ಪು, ತುಕ್ಕು ಸೇರಿ ಕಲ್ಲಿನಂತೆ ಗಟ್ಟಿಯಾಗಿರುತ್ತದೆ. ಎರಡು ಇಂಚಿನ ದಾರಿಯಲ್ಲಿ ಹೆಬ್ಬೆರಳು ತೂರುವಷ್ಟೇ ಜಾಗ ಉಳಿದಿದ್ದರೂ ಆಶ್ಚರ್ಯವಿಲ್ಲ. ನೀರು ಬಂದು ಬೀಳುವ ಕಿಂಡಿಗಳೂ ಕಟ್ಟಿರುತ್ತವೆ. ಹೊಗೆ ಹೊರಹೋಗಲು ದಾರಿ ಇಲ್ಲದೆ ಎಂಜಿನ್ ಉಸಿರು ಕಟ್ಟಿದಂತಾಗುತ್ತದೆ. ಎಕ್ಸಿಲರೇಟರ್ ಕೊಟ್ಟರೂ ಓಟ ಬರುವುದಿಲ್ಲ, ಕಪ್ಪು ಹೊಗೆ ಉಗುಳುತ್ತದೆ. ನಿಮ್ಮ ಎರಡೂ ದೂರಿಗೆ ಕಾರಣ ಇಲ್ಲೇ ಇರಬಹುದು. ಒಂದು ಸ್ಕ್ರೂಡ್ರೈವರ್ ತೆಗೆದುಕೊಂಡು ತುಕ್ಕು ಹಿಡಿದ ಕಡೆ ಒತ್ತಿ ನೋಡಿ. ಒಳಗೆ ಹೊಕ್ಕರೆ ವೆಲ್ಡಿಂಗ್ ಮಾತು ಅಲ್ಲಿಗೇ ಮುಗಿಯಿತು.

ಹೊಗೆಯ ಬಣ್ಣವನ್ನೂ ಗಮನಿಸಿ. ಬಿಳಿಯಾಗಿದ್ದು ಗಾಳಿಯಲ್ಲಿ ಕೂಡಲೇ ಕರಗಿಹೋದರೆ ಅದು ಹಬೆ, ಅಂದರೆ ನೀರು ಕಡಿಮೆ. ಬಿಳಿಯಾಗಿದ್ದು ನೀರಿನ ಮೇಲೆ ತೇಲುತ್ತಾ ಉಳಿದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ. ನೀಲಿಯಾದರೆ ಆಯಿಲ್ ಸುಡುತ್ತಿದೆ, ಅದಕ್ಕೂ ಎಲ್ಬೋಗೂ ಸಂಬಂಧವಿಲ್ಲ.

ಈಗ ನೀರಿನ ದಾರಿ. ನೀರು ಒಳಬರುವ ತುದಿಯಿಂದಲೇ ಶುರು ಮಾಡಿ. ಬೋಟಿನ ತಳದ ಜಾಲರಿಗೆ ಪ್ಲಾಸ್ಟಿಕ್ ಚೀಲ ಅಂಟಿರಬಹುದು, ಚಿಪ್ಪು ಬೆಳೆದಿರಬಹುದು. ಆಮೇಲೆ ಕಸ ಸೋಸುವ ಸ್ಟ್ರೈನರ್. ಆಮೇಲೆ ಪಂಪಿನೊಳಗೆ ನೀರು ತಳ್ಳುವ ರಬ್ಬರ್ ಚಕ್ರ, ಅಂದರೆ ಇಂಪೆಲ್ಲರ್. ಅದರ ರೆಕ್ಕೆ ಮುರಿದಿದ್ದರೆ ಹೊಸದು ಹಾಕಿ ಸುಮ್ನೆ ಬಿಟ್ಟುಬಿಡಬೇಡಿ. ಮುರಿದ ಚೂರುಗಳನ್ನು ಒಂದೊಂದಾಗಿ ಹುಡುಕಿ ತೆಗೆಯಬೇಕು, ಸಾಮಾನ್ಯವಾಗಿ ಅವು ಹೀಟ್ ಎಕ್ಸ್‌ಚೇಂಜರ್ ಬಾಯಲ್ಲಿ ಸಿಕ್ಕಿಕೊಂಡಿರುತ್ತವೆ. ಎಲ್ಲ ಆದಮೇಲೆ ಹಿಂದಿನ ಪೈಪಿಗೆ ಬಕೆಟ್ ಹಿಡಿದು, ನಿಮಿಷಕ್ಕೆ ಎಷ್ಟು ನೀರು ಅಂತ ಅಳೆದು ಬರೆದಿಟ್ಟುಕೊಳ್ಳಿ. ಮುಂದಿನ ಸಲ ಅನುಮಾನ ಬಂದಾಗ ಹೋಲಿಸಿ ನೋಡಲು ಒಂದು ಲೆಕ್ಕ ಇರುತ್ತದೆ, ಅಲ್ವಾ?

ಹೊಸ ಎಲ್ಬೋ ಕಂಪನಿಯದೇ ಆದರೂ ಸರಿ, ಒಳ್ಳೆಯ ಕೈಯಲ್ಲಿ ಮಾಡಿಸಿದ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನದಾದರೂ ಸರಿ. ಹಿತ್ತಾಳೆ ಮಾತ್ರ ಡೀಸೆಲ್‌ಗೆ ಬೇಡ, ಗಂಧಕದ ಆಮ್ಲ ಅದನ್ನು ತಿಂದುಹಾಕುತ್ತದೆ. ಗ್ಯಾಸ್ಕೆಟ್ ಹೊಸದೇ ಇರಲಿ. ಹೋಸನ್ನು ಹೊರಗಿನಿಂದ ನೋಡಿ ಚೆನ್ನಾಗಿದೆ ಅಂತ ಬಿಡಬೇಡಿ. ಒಮ್ಮೆ ಬಿಸಿ ತಿಂದ ಹೋಸಿನ ಒಳಪದರ ಎದ್ದು ದಾರಿಗೆ ಅಡ್ಡ ಬೀಳುತ್ತದೆ. ರೇಡಿಯೇಟರ್ ಹೋಸ್, ತೋಟದ ಪಂಪಿನ ಹಸಿರು ಪೈಪ್ ಇಲ್ಲಿ ನಡೆಯುವುದಿಲ್ಲ, ಬೋಟ್ ಎಕ್ಸಾಸ್ಟ್‌ಗೆಂದೇ ಬರುವ ಹೋಸ್ ಬೇಕು. ಎರಡೂ ತುದಿಗೆ ಎರಡೆರಡು ಸ್ಟೇನ್‌ಲೆಸ್ ಕ್ಲಾಂಪ್. ಕ್ಲಾಂಪಿನ ಪಟ್ಟಿ ಸ್ಟೇನ್‌ಲೆಸ್ ಇದ್ದು ಸ್ಕ್ರೂ ಮಾಮೂಲಿ ಕಬ್ಬಿಣದ್ದಿರುವ ಮಾಲೂ ಬರುತ್ತದೆ. ಅಯಸ್ಕಾಂತ ಸ್ಕ್ರೂವನ್ನು ಗಟ್ಟಿಯಾಗಿ ಹಿಡಿದರೆ ಅಂಥದ್ದು ಬೇಡ.

ಎಲ್ಬೋದಲ್ಲಿ ನೀರು ಬೀಳುವ ಜಾಗ ಹೊರಗಿನ ನೀರಿನ ಮಟ್ಟಕ್ಕಿಂತ 15 ಸೆಂಟಿಮೀಟರಾದರೂ ಮೇಲಿರಬೇಕು. ಪ್ರವಾಸಿಗರು ತುಂಬಿ ಬೋಟ್ ತಗ್ಗಿದಾಗ ಅಳೆಯಿರಿ. ಅಷ್ಟು ಎತ್ತರ ಇಲ್ಲದಿದ್ದರೆ, ನಿಂತ ಎಂಜಿನ್‌ಗೆ ನೀರು ತಾನಾಗಿ ಎಳೆದುಕೊಳ್ಳದಂತೆ ಸೈಫನ್ ಮುರಿಯುವ ವಾಲ್ವ್ ಬೇಕು. ಇನ್ನೊಂದು ಮಾತು. ಎಂಜಿನ್ ಹತ್ತದೆ ಮತ್ತೆ ಮತ್ತೆ ಸೆಲ್ಫ್ ಹೊಡೆಯುವಾಗ ಪಂಪ್ ನೀರು ತುಂಬುತ್ತಲೇ ಇರುತ್ತದೆ, ಹೊರಗೆ ನೂಕಲು ಹೊಗೆ ಇರುವುದಿಲ್ಲ. ಆಗ ಹೊರಗಿನ ನೀರು ಒಳಬರುವ ತಳದ ವಾಲ್ವ್ ಮುಚ್ಚಿ. ಎಂಜಿನ್ ಹತ್ತಿದ ಕ್ಷಣವೇ ತೆರೆಯಿರಿ.

ಕೀಲುಗಳ ಸುತ್ತ ಕಪ್ಪು ಮಸಿ ಗೆರೆ ಕಂಡರೆ ಹೊಗೆ ಒಳಗೇ ಸೋರುತ್ತಿದೆ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಾನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಡೀಸೆಲ್‌ಗಿಂತ ಪೆಟ್ರೋಲ್ ಎಂಜಿನ್‌ನಲ್ಲಿ ಇದು ಬಹಳ ಜಾಸ್ತಿ. ಬಿಸಿಲಿಗೆಂದು ಮೂರು ಕಡೆ ಪರದೆ ಇಳಿಸಿ ಹಿಂದೆ ಮಾತ್ರ ತೆರೆದಿಟ್ಟರೆ, ಓಡುವ ಬೋಟ್ ತನ್ನ ಹೊಗೆಯನ್ನು ತಾನೇ ಒಳಗೆಳೆದುಕೊಳ್ಳುತ್ತದೆ. ಕೂತವರಿಗೆ ತಲೆನೋವು, ವಾಕರಿಕೆ ಬಂದರೆ 'ಅಲೆಗೆ ಹಾಗಾಗುತ್ತೆ' ಅನ್ನಬೇಡಿ. ಪರದೆ ಎತ್ತಿ, ಎಂಜಿನ್ ನಿಲ್ಲಿಸಿ.

ಜೋಡಿಸಿದ ಮೇಲೆ ಅರ್ಧ ಗಂಟೆ ಓಡಿಸಿ, ತಣ್ಣಗಾದ ಮೇಲೆ ಬೋಲ್ಟು, ಕ್ಲಾಂಪು ಮತ್ತೊಮ್ಮೆ ಬಿಗಿ ಮಾಡಿ. ಮಳೆಗಾಲಕ್ಕೆ ಬೋಟ್ ನಿಲ್ಲಿಸುವ ಮುನ್ನ ಸಿಹಿನೀರು ಹಾಯಿಸಿ, ಉಪ್ಪು ತೊಳೆದು ಬಸಿಯಿರಿ. ಎಲ್ಬೋ ತಿನ್ನುವ ತುಕ್ಕು, ಓಡುವಾಗಿನದಕ್ಕಿಂತ ಹೀಗೆ ನಿಂತಾಗಲೇ ಜಾಸ್ತಿ ಕೆಲಸ ಮಾಡುತ್ತದೆ. ಜೂನ್ 1ರಿಂದ ಜುಲೈ 31ರ ಮೀನುಗಾರಿಕೆ ನಿಷೇಧದಲ್ಲಿ ಟ್ರಾಲ್ ಬೋಟುಗಳೆಲ್ಲ ರಿಪೇರಿಗೆ ನಿಲ್ಲುತ್ತವೆ, ಮೆಕ್ಯಾನಿಕ್ ಕೈಗೆ ಸಿಗುವುದಿಲ್ಲ. ಎಲ್ಬೋ, ಗ್ಯಾಸ್ಕೆಟ್ ಮೇ ತಿಂಗಳಲ್ಲೇ ತರಿಸಿಟ್ಟುಕೊಳ್ಳಿ.